ಲೆನ್ಸ್ ಹಾಕಿಸಿದ ಕಣ್ಣು ಕುಕ್ಕುತ್ತಿದೆಯೇ? ಲೇಸರ್‌ಗೆ ಮೊದಲು ಇಷ್ಟು ನೋಡಿ

ಪೊರೆ ತೆಗೆಸಿದ ಕಣ್ಣು ಮಂಜಾದರೆ ‘ಪೊರೆ ಮತ್ತೆ ಬಂತು’ ಎನ್ನುವುದು ರೂಢಿ. ತೆಗೆದ ಪೊರೆ ಮರಳಿ ಬೆಳೆಯುವುದಿಲ್ಲ. ತೊಂದರೆ ಲೆನ್ಸ್‌ನ ಅಂಚಿನಲ್ಲಿರಬಹುದು, ಅದರ ಹಿಂದಿನ ಚೀಲದಲ್ಲಿರಬಹುದು (ಪೊರೆ ತೆಗೆದ ಮೇಲೂ ಉಳಿಸಿ, ಹೊಸ ಲೆನ್ಸ್ ಕೂರಿಸುವ ತೆಳು ಹೊದಿಕೆ), ಅಪರೂಪಕ್ಕೆ ಲೆನ್ಸ್‌ನೊಳಗೇ ಇರಬಹುದು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ.

ಮೊದಲು, ಕಣ್ಣು ಕುಕ್ಕಲು ಶುರುವಾದದ್ದು ಯಾವಾಗ ಎಂದು ಬರೆದಿಡಿ. ರೋಗ ಗುರುತಿಸಲು ಇದು ಒಳ್ಳೆಯ ಸುಳಿವು. ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಿಂದಲೇ ದೀಪದ ಸುತ್ತ ಬಿಲ್ಲಿನಂಥ ಗೆರೆ, ಅಥವಾ ಕಿವಿಯ ಬದಿಗೆ ಕಪ್ಪು ನೆರಳು ಕಂಡಿದ್ದರೆ ಸಂಶಯ ಲೆನ್ಸ್‌ನ ಅಂಚಿನ ಮೇಲೆ. ಲೆನ್ಸ್‌ನ ನೋಡುವ ಭಾಗ ಸುಮಾರು 6 ಮಿ.ಮೀ. ಅಗಲ, ಕತ್ತಲಲ್ಲಿ ಪಾಪೆ ಹಿಗ್ಗಿದಾಗ ಬೆಳಕು ಆ ಅಂಚಿಗೆ ತಾಗಿ ಚದುರುತ್ತದೆ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ಇದು ಕಡಿಮೆಯಾಗುತ್ತದೆ. ಕಾಯುವುದೇ ಸರಿ.

ತಿಂಗಳುಗಟ್ಟಲೆ, ವರ್ಷಗಟ್ಟಲೆ ಚೆನ್ನಾಗಿ ಕಂಡು ಆಮೇಲೆ ನಿಧಾನವಾಗಿ ಮಸುಕಾಗಿದ್ದರೆ ಸಾಮಾನ್ಯವಾಗಿ ಅದು ಚೀಲದ್ದು. ಶಸ್ತ್ರಚಿಕಿತ್ಸೆಯಲ್ಲಿ ಉಳಿದ ಜೀವಕೋಶಗಳು ಚೀಲದ ಹಿಂಬದಿಯ ಪಾರದರ್ಶಕ ಪದರದ ಮೇಲೆ ಹರಡಿಕೊಳ್ಳುತ್ತವೆ. ಲೇಸರ್‌ನಿಂದ ಆ ಪದರದಲ್ಲಿ ಕಿಂಡಿ ಮಾಡುವುದು ಇದಕ್ಕೆ ಮಾತ್ರ.

ಮನೆಯಲ್ಲಿ ಒಂದೊಂದೇ ಕಣ್ಣು ಮುಚ್ಚಿ, ಅದೇ ದೀಪ, ಅದೇ ಸಣ್ಣ ಅಕ್ಷರ ನೋಡಿ ಹೋಲಿಸಿ. ದಿಢೀರನೆ ಮಿಂಚು, ಕಪ್ಪು ಚುಕ್ಕೆಗಳ ಸುರಿಮಳೆ, ಪರದೆ ಇಳಿದಂಥ ನೆರಳು, ನೋವಿನೊಂದಿಗೆ ಕೆಂಪು ಕಂಡರೆ ಹೋಲಿಕೆ ಬಿಟ್ಟು ಅಂದೇ ವೈದ್ಯರ ಬಳಿ ಹೋಗಿ.

ಉಳಿದವರು ಪಾಪೆ ಹಿಗ್ಗಿಸಿ ಪರೀಕ್ಷಿಸುವಂತೆ ಕೇಳಿ. ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದ ತೆಳು ಬೆಳಕಿನಲ್ಲಿ ಮಸುಕು ಯಾವ ಪದರದಲ್ಲಿದೆ ಎಂಬುದು ಕಾಣುತ್ತದೆ. ‘ಚೀಲವೋ, ಲೆನ್ಸೋ?’ ಎಂದು ನೇರವಾಗಿ ಕೇಳಿ. ಕನ್ನಡಕದ ಪವರ್, ಕಣ್ಣಿನ ಒಣಗುವಿಕೆ, ರೆಟಿನಾದ (ಕಣ್ಣಿನ ಹಿಂಭಾಗದ ಪದರದ) ಊತ ಇವನ್ನೂ ನೋಡಿಸಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಹೈಡ್ರೋಫಿಲಿಕ್ ಅಕ್ರಿಲಿಕ್ (ನೀರು ಹೀರುವ ಬಗೆಯ ಪ್ಲಾಸ್ಟಿಕ್) ಲೆನ್ಸ್‌ನಲ್ಲಿ ಕ್ಯಾಲ್ಸಿಯಂ ಕೂತು ಲೆನ್ಸೇ ಬಿಳಿಚಿಕೊಳ್ಳುವುದುಂಟು, ಮುಖ್ಯವಾಗಿ ಮುಂದೆ ಬೇರೊಂದು ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನೊಳಗೆ ಗಾಳಿ ಅಥವಾ ಅನಿಲ ತುಂಬಿದ್ದರೆ. ಅದು ಲೇಸರ್‌ಗೆ ಹೋಗುವುದಿಲ್ಲ; ಲೆನ್ಸ್ ಬದಲಿಸಬೇಕು. ಮೊದಲೇ ಲೇಸರ್‌ನಿಂದ ಚೀಲ ತೂತಾಗಿದ್ದರೆ ಆ ಬದಲಾವಣೆ ಬಹಳ ಕಷ್ಟ, ಹಿಂದಿನ ಲೋಳೆಯಂಥ ದ್ರವ ಮುಂದೆ ಬರಬಹುದು, ಹೊಸ ಲೆನ್ಸ್‌ಗೆ ಆಸರೆ ಸಾಲದಿರಬಹುದು. ಅಂಚಿನಿಂದ ಕುಕ್ಕುವ ಕಣ್ಣಿಗೂ ಇದೇ ಮಾತು: ಮುಂದೆ ಲೆನ್ಸ್ ಬದಲಿಸಬೇಕಾಗಿ ಬಂದರೆ ಮೊದಲೇ ಮಾಡಿಸಿದ ಲೇಸರ್ ತೊಡಕಾಗುತ್ತದೆ.

ಚೀಲದ್ದೇ ಎಂದು ಖಚಿತವಾದರೆ ಯಾಗ್ ಲೇಸರ್ ಒಳ್ಳೆಯ ಚಿಕಿತ್ಸೆ. ಹನಿ ಹಾಕಿ ಪಾಪೆ ಹಿಗ್ಗಿಸುತ್ತಾರೆ, ಗದ್ದ ಊರಿ ಕೂರಬೇಕು, ಟಿಕ್ ಟಿಕ್ ಸದ್ದು ಕೇಳುತ್ತದೆ, ನೋವಿಲ್ಲ. ಕೆಲವೇ ನಿಮಿಷದಲ್ಲಿ 3–4 ಮಿ.ಮೀ. ಕಿಂಡಿ ಸಿದ್ಧ. ಕಿಂಡಿ ತೀರಾ ಚಿಕ್ಕದಾದರೆ ರಾತ್ರಿ ಕುಕ್ಕುವುದು ಉಳಿಯುತ್ತದೆ. ಕಣ್ಣಿನ ಒತ್ತಡ ಏರಬಹುದಾದ್ದರಿಂದ ಅಳತೆ ಮಾಡಿಸಿಕೊಂಡೇ ಹೊರಡಿ. ಆ ದಿನ ವಾಹನ ಓಡಿಸಬೇಡಿ. ಕೆಲವು ದಿನ ಚುಕ್ಕೆಗಳು ತೇಲುವುದು ಸಹಜ. ರೆಟಿನಾ ಕಳಚುವ ಅಪಾಯ ಚಿಕ್ಕದು, ಹೆಚ್ಚು ಮೈನಸ್ ಪವರ್ ಇದ್ದವರಿಗೆ ಸ್ವಲ್ಪ ಜಾಸ್ತಿ.

ಪರೀಕ್ಷೆಗೆ ಹೋಗುವಾಗ ಶಸ್ತ್ರಚಿಕಿತ್ಸೆಯ ವೇಳೆ ಕೊಟ್ಟ ಲೆನ್ಸ್ ಕಾರ್ಡ್ ಒಯ್ಯಿರಿ. ಅದರ ಮೇಲಿನ ಮಾದರಿಯ ಹೆಸರಿನಿಂದ ಲೆನ್ಸ್ ಯಾವ ವಸ್ತುವಿನದ್ದು ಎಂದು ವೈದ್ಯರಿಗೆ ತಿಳಿಯುತ್ತದೆ.