ದಿನಾ ಅದೇ ಕೌಂಟರು, ಅದೇ ನೋಟು: ಬೇಜಾರಿನ ಜೊತೆ ಏಗುವುದು ಹೇಗೆ?

"ಸರ, ಗೃಹಲಕ್ಷ್ಮಿ ರೊಕ್ಕ ಬಂದೈತೇನ್ರೀ?"

ಈ ಪ್ರಶ್ನೆ ದಿನಕ್ಕೆ ಎಷ್ಟು ಸಲ ಬರುತ್ತದೆ ಅಂತ ನೋಡಲು ಒಂದು ದಿನ ಸುಮ್ನೆ ಹಾಳೆಯ ಮೇಲೆ ಗೀಟು ಹಾಕುತ್ತಾ ಹೋದೆ. ಊಟಕ್ಕೆ ಏಳುವ ಹೊತ್ತಿಗೆ 43 ಗೀಟು. ಅಲ್ಲಿಗೆ ನಿಲ್ಲಿಸಿದೆ, ಯಾಕಂದರೆ 44ನೆಯವರಿಗೆ ನಾನು ಕೊಟ್ಟ ಉತ್ತರದಲ್ಲಿ ಸಿಡುಕು ಇತ್ತು. ಆ ತಾಯಿ ಪಾಸ್‌ಬುಕ್ ಸೆರಗಿನೊಳಗೆ ಇಟ್ಟುಕೊಂಡು ಏನೂ ಮಾತಾಡದೆ ಹೋದರು. ಅವರು ಕೇಳಿದ್ದು ಒಂದೇ ಸಲ. 44 ಸಲ ಕೇಳಿಸಿಕೊಂಡವನು ನಾನು.

ನಾನು ಹಾವೇರಿ ಜಿಲ್ಲೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಕ್ಯಾಶಿಯರ್. ಹನ್ನೊಂದು ವರ್ಷ ಆಯಿತು. ಚೀಟಿ ತಗೊಳ್ಳುವುದು, ಸಹಿ ನೋಡುವುದು, ಎಂಟ್ರಿ ಹಾಕುವುದು, ನೋಟು ಎಣಿಸುವುದು, ಕೊಡುವುದು, ಮುಂದಿನವರನ್ನು ಕರೆಯುವುದು. ಅಷ್ಟೇ. ಬೇಜಾರಾಗದ ದಿನ ಒಂದೂ ಇರಲಿಲ್ಲವೇ ಅಂದರೆ ಇತ್ತು. 2016ರ ನವೆಂಬರ್ 8ರ ರಾತ್ರಿ 500, 1,000ದ ನೋಟು ರದ್ದಾದ ಮೇಲಿನ ಐವತ್ತು ದಿನ. ಅಂಥ ದಿನ ಮತ್ತೆ ಬೇಡವೇ ಬೇಡ, ಈ ಬೇಜಾರೇ ವಾಸಿ.

ಇದನ್ನು ಬರೆಯುತ್ತಿರುವುದು ನನ್ನಂಥವರಿಗೆ. ಬಿಲ್ಲಿಂಗ್ ಕೌಂಟರ್, ಡೇಟಾ ಎಂಟ್ರಿ, ಗಾರ್ಮೆಂಟ್ಸ್ ಲೈನು, ಟಿಕೆಟ್ ಹರಿಯುವ ಕೆಲಸ, ಯಾವುದಾದರೂ ಸರಿ. ಕೆಲಸ ಕಷ್ಟದ್ದೇನಲ್ಲ, ಆದರೆ ಮುಗಿಯುವುದೇ ಇಲ್ಲ. ನನ್ನ ಅನುಭವದಲ್ಲಿ ಸುಸ್ತು ಮಾಡುವುದು ಅದೇ ಕೆಲಸ ಅನ್ನುವುದಕ್ಕಿಂತ ಜಾಸ್ತಿ, ಅದಕ್ಕೆ ಎಲ್ಲೂ ಒಂದು ತುದಿ ಇಲ್ಲ ಅನ್ನುವುದು. ಹೊಲ ಉಳುವವನಿಗೆ ಸಾಲಿನ ಕೊನೆ ಕಾಣುತ್ತದೆ, ಅಲ್ಲಿ ಎತ್ತು ತಿರುಗಿಸುತ್ತಾನೆ, ಒಂದು ಉಸಿರು ಬಿಡುತ್ತಾನೆ. ನಮಗೆ ಆ ತಿರುವು ಇಲ್ಲ. ನಾವೇ ಮಾಡಿಕೊಳ್ಳಬೇಕು.

ಹೇಗೆ ಅಂತ ಹೇಳುತ್ತೇನೆ. ಮೊದಲು ನಾನು ದಿನಕ್ಕೆ ಒಂದೇ ಸಲ, ಸಂಜೆ ನಾಲ್ಕರ ಮೇಲೆ ಕ್ಯಾಶ್ ಟ್ಯಾಲಿ ಮಾಡುತ್ತಿದ್ದೆ. ಬೆಳಿಗ್ಗೆ ಹತ್ತರಿಂದ ಅಲ್ಲಿಯವರೆಗೆ ಒಂದೇ ಉದ್ದನೆಯ ದಾರಿ. ಈಗ ಹನ್ನೆರಡಕ್ಕೆ ಒಂದು, ಊಟಕ್ಕೆ ಏಳುವ ಮುಂಚೆ ಒಂದು, ಮೂರಕ್ಕೆ ಒಂದು ಚಿಕ್ಕ ಟ್ಯಾಲಿ. ಡ್ರಾಯರಿನಲ್ಲಿ ಇರುವುದಕ್ಕೂ ಕಂಪ್ಯೂಟರ್ ತೋರಿಸುವುದಕ್ಕೂ ತಾಳೆ ಆಯಿತಾ? ಆಯಿತು ಅಂದರೆ ಆವರೆಗಿನ ಚೀಟಿಗಳಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಪಕ್ಕಕ್ಕೆ. ಅದು ಮುಗಿಯಿತು. ಅಷ್ಟು ಭಾಗದ ಬಗ್ಗೆ ಇನ್ನು ತಲೆ ಕೆಡಿಸಿಕೊಳ್ಳುವ ಹಾಗಿಲ್ಲ. ಐದು ನಿಮಿಷದ ಕೆಲಸ. ಸಾಲಿನಲ್ಲಿ ನಿಂತವರು ಸ್ವಲ್ಪ ಗೊಣಗುತ್ತಾರೆ, ಗೊಣಗಲಿ. ಸಂಜೆ 500 ರೂಪಾಯಿ ಕಡಿಮೆ ಬಿದ್ದರೆ ಇಡೀ ದಿನ ಹುಡುಕುವ ಬದಲು ಆ ಒಂದು ಕಟ್ಟನ್ನು ಮಾತ್ರ ಹುಡುಕಿದರೆ ಸಾಕು, ಇದು ಇನ್ನೊಂದು ಲಾಭ. ಕಡಿಮೆ ಬಿದ್ದದ್ದು ಕ್ಯಾಶಿಯರ್ ಜೇಬಿನಿಂದ ಹೋಗುತ್ತದೆ ಅನ್ನುವುದು ಗೊತ್ತಿದ್ದವರಿಗೆ ಈ ಲಾಭ ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಗಮನದ ವಿಷಯ. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್ ಪರದೆ ನೋಡುತ್ತಾ ಕೂತವರು ಕಣ್ಣ ಮುಂದಿನ ಗುರುತನ್ನೇ ಯಾಕೆ ಗಮನಿಸದೆ ಬಿಡುತ್ತಾರೆ ಅಂತ ಬ್ರಿಟನ್ನಿನಲ್ಲಿ ನಾರ್ಮನ್ ಮ್ಯಾಕ್‌ವರ್ತ್ ಎಂಬ ವಿಜ್ಞಾನಿ ಪರೀಕ್ಷೆ ಮಾಡಿದ್ದ. ಗಡಿಯಾರದಂಥ ಒಂದು ಮುಖ, ಅದರ ಮೇಲೆ ಒಂದು ಮುಳ್ಳು. ಅದು ಒಂದೊಂದೇ ಹೆಜ್ಜೆ ಜಿಗಿಯುತ್ತದೆ, ಯಾವಾಗಲೋ ಒಮ್ಮೆ ಎರಡು ಹೆಜ್ಜೆ. ಆ ಎರಡನ್ನು ಹಿಡಿಯಬೇಕು. ಎರಡು ಗಂಟೆ ಕೂರಿಸಿದರೆ, ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ಜನ ಆ ಜಿಗಿತವನ್ನು ಗಮನಿಸದೆ ಬಿಡಲು ಶುರು ಮಾಡಿದ್ದರು. 1948ರಲ್ಲಿ ಪ್ರಕಟವಾದ ವಿಷಯ ಇದು. ಇದನ್ನು ಓದಿದ ದಿನ ನನಗೆ ನಿಜವಾಗಿಯೂ ಸಮಾಧಾನ ಆಯಿತು. ನನಗೆ ಶ್ರದ್ಧೆ ಇಲ್ಲ ಅಂತ ಎಷ್ಟು ಬೈದುಕೊಂಡಿದ್ದೆನೋ! ತಲೆ ಇರುವುದೇ ಹಾಗೆ, ಅಷ್ಟೇ.

ಹಾಗಾಗಿ ಅರ್ಧ ಗಂಟೆಗೊಮ್ಮೆ ಏನಾದರೂ ಬದಲಿಸಿ. ಎದ್ದು ಹೋಗಲು ಆಗದಿದ್ದರೆ ಬೇಡ. ನಿಂತು ಎಣಿಸಿ. ಹರಕು ನೋಟು ಬೇರೆ ಮಾಡುವ ಕೆಲಸ ಇದೆಯಲ್ಲ, ನಮ್ಮ ಕೆಲಸದಲ್ಲೆಲ್ಲ ಅದೇ ಅತಿ ಬೇಜಾರಿನದು, ಅದನ್ನು ಒಂದೇ ಸಲ ಸಂಜೆಗೆ ಇಟ್ಟುಕೊಳ್ಳಬೇಡಿ. ಹತ್ತು ನಿಮಿಷದ ತುಂಡು ಮಾಡಿ ನಡುನಡುವೆ ಹಾಕಿ. (ನಮ್ಮಲ್ಲಿ ನಿವೃತ್ತರಾದ ಹಿರಿಯರೊಬ್ಬರು ಇದನ್ನು ಕೇಳಿ ನಕ್ಕಿದ್ದರು. ಅವರ ಕಾಲದಲ್ಲಿ ನೂರು ನೋಟಿನ ಕಟ್ಟಿಗೆ ಪಿನ್ ಹೊಡೆಯುತ್ತಿದ್ದರು, ಅದನ್ನು ಕೀಳುವುದರಲ್ಲೇ ಉಗುರು ಹೋಗುತ್ತಿತ್ತಂತೆ. 2001ರಲ್ಲಿ ರಿಸರ್ವ್ ಬ್ಯಾಂಕ್ ಪಿನ್ ನಿಲ್ಲಿಸಿ ಕಾಗದದ ಪಟ್ಟಿ ಸುತ್ತಲು ಹೇಳಿತು. "ನಿಮಗೇನ್ರೀ ಬ್ಯಾಸರ" ಅಂದರು.)

ಬಾಯಿಬಿಟ್ಟು ಹೇಳಿ. ಇದು ಹುಚ್ಚು ಅನ್ನಿಸಬಹುದು, ಆದರೆ ಜಪಾನಿನ ರೈಲು ಚಾಲಕರು ಸಿಗ್ನಲ್ಲಿಗೆ ಬೆರಳು ತೋರಿಸಿ ಅದರ ಬಣ್ಣವನ್ನು ಜೋರಾಗಿ ಹೇಳುತ್ತಾರೆ, ಗೊತ್ತಾ? ಅಲ್ಲಿ ಅದು ನಿಯಮವೇ. ಕಣ್ಣು, ಬಾಯಿ, ಕೈ ಮೂರೂ ಒಂದೇ ಕಡೆ ಇದ್ದರೆ ಮನಸ್ಸು ಬೇರೆ ಕಡೆ ಓಡುವುದು ಕಷ್ಟ. ನಾನೂ ಹಾಗೆ ಮಾಡುತ್ತೇನೆ. "ಐದು ಸಾವಿರ. ಐನೂರರದ್ದು ಆರು, ನೂರರದ್ದು ಇಪ್ಪತ್ತು, ನೋಡಿಕೊಳ್ರೀ" ಅಂತ ಹೇಳಿಯೇ ಕೊಡುತ್ತೇನೆ. ತಪ್ಪು ಕಡಿಮೆಯಾಗಿದೆ. ಆಮೇಲೆ ಗಮನಿಸಿದೆ, ಜನರೂ ಜೊತೆಗೆ ಎಣಿಸುತ್ತಾರೆ. ಮೊದಲು ಗಾಜಿನ ಆಚೆ ಬರೀ ಕೈ ಕಾಣುತ್ತಿತ್ತು, ಈಗ ಮುಖ ಕಾಣುತ್ತದೆ.

ಮುಖ ಅಂದ ಕೂಡಲೇ ನೆನಪಾಯಿತು. ಬ್ಯಾಡಗಿ ಮೆಣಸಿನಕಾಯಿ ಸೀಸನ್‌ನಲ್ಲಿ ಕೌಂಟರಿಗೆ ಬರುವ ನೋಟಿಗೆ ಘಾಟು ಇರುತ್ತದೆ. ಎಣಿಸುವ ಯಂತ್ರಕ್ಕೆ ಹಾಕಿದರೆ ಸಣ್ಣ ಕೆಂಪು ದೂಳು ಏಳುತ್ತದೆ, ನಾನು ಸೀನುತ್ತೇನೆ, ಕಟ್ಟಲು ಬಂದ ರೈತರು ನಗುತ್ತಾರೆ. ಎಲೆ ಅಡಿಕೆ ಸಂಚಿಯಿಂದ ನೋಟು ತೆಗೆಯುವ ಒಬ್ಬ ಅಜ್ಜಿ ಇದ್ದಾರೆ, ಅವರ ನೋಟು ಸುಣ್ಣದ ವಾಸನೆ. ನಾಲ್ಕು ಮಡಿಕೆ ಮಾಡಿದ ನೂರರ ನೋಟನ್ನು ಬಿಡಿಸಿ, ಕೌಂಟರಿನ ಕಲ್ಲಿನ ಮೇಲೆ ಅಂಗೈಯಿಂದ ಮೂರು ಸಲ ಉಜ್ಜಿ ಸಪಾಟು ಮಾಡಿಯೇ ಕೊಡುತ್ತಾರೆ. "ತಮ್ಮಾ, ಹರದೈತೇನು ನೋಡು" ಅಂತಾರೆ. ಅವರ ಹಿಂದೆ ಎಂಟು ಜನ ನಿಂತಿರುತ್ತಾರೆ. ಅವಸರ ಮಾಡಬೇಡಿ. ದಿನಕ್ಕೆ ಒಬ್ಬರನ್ನಾದರೂ ಹೀಗೆ ಪೂರ್ತಿ ನೋಡಿ ಅಂತ ನನ್ನ ಸಲಹೆ. ಎಲ್ಲರನ್ನೂ ಅಲ್ಲ, ಅದು ಆಗದ ಮಾತು, ಹೇಳುವವರು ಕೌಂಟರಿನಲ್ಲಿ ಕೂತಿರುವುದಿಲ್ಲ.

ಇನ್ನು ಆ ಒಂದೇ ಪ್ರಶ್ನೆ. ಅದಕ್ಕೆ ದಾರಿ ಎರಡು. ಒಂದು, ಪ್ರಶ್ನೆಯೇ ಕಡಿಮೆಯಾಗುವ ಹಾಗೆ ಮಾಡುವುದು. ಮಿಸ್ಡ್ ಕಾಲ್ ಕೊಟ್ಟರೆ ಬ್ಯಾಲೆನ್ಸ್ ಮೆಸೇಜು ಬರುವ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. ಓದಲು ಬಾರದವರಿಗೆ ಅವರ ಫೋನಿನಲ್ಲೇ ಸೇವ್ ಮಾಡಿಕೊಟ್ಟೆ. ಎರಡು ವಾರ ಕೆಲಸ ಜಾಸ್ತಿಯೇ ಆಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಸಾಲು ಕರಗಿತು. ಇನ್ನೊಂದು, ಉಳಿದವರಿಗೆ ಉತ್ತರದ ಮೊದಲ ಪದ ಅವರ ಬಗ್ಗೆ ಇರಲಿ. "ಏನಬೇ, ಮಳಿ ಆತೇನು ನಿಮ್ಮ ಕಡೆ?" ಅಂತ ಶುರು ಮಾಡಿದರೆ ಆಮೇಲೆ ಬರುವ "ಇನ್ನೂ ಬಂದಿಲ್ಲ" ಕೂಡ ಹೊಸದಾಗಿ ಕೇಳಿಸುತ್ತದೆ. ಅವರಿಗೂ, ನನಗೂ.

ಕೆಲಸದೊಳಗೇ ಒಂದು ಒಗಟು ಇದ್ದರೆ ಅದನ್ನು ಹುಡುಕಿ ಇಟ್ಟುಕೊಳ್ಳಿ. ನಮ್ಮದರಲ್ಲಿ ಇದೆ. ಟ್ಯಾಲಿ ಆಗದಿದ್ದಾಗ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತೇವೆ. ಸರಿಯಾಗಿ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ. 7,200 ಅಂತ ಇರಬೇಕಾದ ಕಡೆ 2,700 ಹೊಡೆದರೆ ವ್ಯತ್ಯಾಸ 4,500. ಅದು 9ರ 500 ಪಟ್ಟು. ವ್ಯತ್ಯಾಸ ಸಮ ಸಂಖ್ಯೆಯಾಗಿದ್ದರೆ ಅದರ ಅರ್ಧದ ಮೊತ್ತದ ಚೀಟಿ ಹುಡುಕಬೇಕು, ಕೊಟ್ಟದ್ದನ್ನು ಬಂದದ್ದು ಅಂತ ಹಾಕಿರಬಹುದು. 300ರ ಲೆಕ್ಕದಲ್ಲಿ ತಪ್ಪಿದ್ದರೆ 200ರ ಜಾಗದಲ್ಲಿ 500 ಹೋಗಿದೆಯಾ ನೋಡಿ. ಈ ಆಟ ಕಲಿತ ಮೇಲೆ ಟ್ಯಾಲಿ ಆಗದ ಸಂಜೆಗೆ ನಾನು ಮೊದಲಿನಷ್ಟು ಹೆದರುವುದಿಲ್ಲ. ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ನಮ್ಮ ಅತ್ತಿಗೆಗೂ ಇಂಥದ್ದೇ ಒಂದು ಇದೆ. ಬೋರ್ಡಿನ ಮೇಲೆ ಬರೆಯುವ ಗಂಟೆಯ ಟಾರ್ಗೆಟ್ ಕಂಪನಿಯದು. ದಾರ ಹರಿಯದೆ ಸತತವಾಗಿ ಎಷ್ಟು ಕಾಲರ್ ಆಯಿತು ಅನ್ನುವ ಲೆಕ್ಕ ಅವರದ್ದೇ. ಅದನ್ನು ಯಾರಿಗೂ ಹೇಳುವುದಿಲ್ಲ, ಹೇಳಿದರೆ ಅದೂ ಟಾರ್ಗೆಟ್ ಆಗಿಬಿಡುತ್ತದೆ ಅಂತ.

ಉಪಯೋಗಕ್ಕೆ ಬಾರದ್ದನ್ನೂ ಹೇಳಿಬಿಡುತ್ತೇನೆ. ಬೆಳಿಗ್ಗೆ ಐದಕ್ಕೆ ಎದ್ದು ಹುರುಪಿನ ವಿಡಿಯೋ ನೋಡುವುದು: ಒಂಬತ್ತೂವರೆಗೆ ಶಟರ್ ಎತ್ತುವಷ್ಟರಲ್ಲಿ ಇಳಿದು ಹೋಗುತ್ತದೆ. ಊಟದ ಹೊತ್ತಿನಲ್ಲಿ ಮೊಬೈಲ್ ಉಜ್ಜುವುದು: ಅದೂ ಅದೇ ಬೆರಳು, ಅದೇ ಕಣ್ಣು, ವಿಶ್ರಾಂತಿ ಎಲ್ಲಿಂದ ಬಂತು? ಅದರ ಬದಲು ಡಬ್ಬಿ ತೊಳೆದು ಹಿಂದಿನ ಬೇವಿನ ಮರದ ಕೆಳಗೆ ಹತ್ತು ನಿಮಿಷ ನಿಲ್ಲುತ್ತೇನೆ.

ಸೀಟು ಬದಲಾವಣೆ ಕೇಳಿ. ಬಾಯಿಬಿಟ್ಟು ಕೇಳಿ. ನಾನು ನಾಲ್ಕು ವರ್ಷ ಕೇಳಲಿಲ್ಲ, ಮ್ಯಾನೇಜರಿಗೆ ತಾನಾಗಿ ತಿಳಿಯುತ್ತದೆ ಅಂದುಕೊಂಡಿದ್ದೆ. ಯಾರಿಗೂ ತಿಳಿಯುವುದಿಲ್ಲ, ಸುಮ್ಮನೆ ಕೆಲಸ ಮಾಡುವವನನ್ನು ಅಲ್ಲಿಂದ ಎತ್ತಲು ಯಾರಿಗೂ ಮನಸ್ಸಿರುವುದಿಲ್ಲ. ಕೇಳಿದ ಮೇಲೆ ವಾರಕ್ಕೆ ಎರಡು ದಿನ ಸಾಲದ ಟೇಬಲ್ ಸಿಕ್ಕಿತು. ಬ್ಯಾಂಕಿನವರಾದರೆ ಬ್ಯಾಂಕ್ ನೌಕರರಿಗೆಂದೇ ಇರುವ ಜೆಎಐಐಬಿ ಪರೀಕ್ಷೆ ಕಟ್ಟಿ, ಪಾಸಾದರೆ ಇನ್‌ಕ್ರಿಮೆಂಟ್ ಬರುತ್ತದೆ. ದಿನಾ ನೀವು ಕೈಯಲ್ಲಿ ಮಾಡುವ ಕೆಲಸದ ಹಿಂದಿನ ಕಾರಣವೂ ಗೊತ್ತಾಗುತ್ತದೆ. ಉದಾಹರಣೆಗೆ, ಒಂದೇ ವ್ಯವಹಾರದಲ್ಲಿ ನಾಲ್ಕರವರೆಗೆ ಖೋಟಾ ನೋಟು ಸಿಕ್ಕರೆ ತಿಂಗಳ ಕೊನೆಗೆ ಪೊಲೀಸರಿಗೆ ಒಟ್ಟಾಗಿ ವರದಿ, ಐದು ಅಥವಾ ಹೆಚ್ಚಾದರೆ ಎಫ್‌ಐಆರ್. ಇಂಥದ್ದು ತಿಳಿದಿದ್ದರೆ ಬರೀ ಎಣಿಸುವ ಯಂತ್ರ ಆಗಿದ್ದೇನೆ ಅನ್ನಿಸುವುದು ಸ್ವಲ್ಪ ಕಡಿಮೆ.

ಸಂಜೆಯನ್ನು ಬ್ಯಾಂಕಿಗೆ ಕೊಡಬೇಡಿ. ನಾನು ವಾರಕ್ಕೆ ಎರಡು ದಿನ ಊರಿನ ಭಜನಾ ಮೇಳದಲ್ಲಿ ಹಾರ್ಮೋನಿಯಂ ಹಿಡಿಯುತ್ತೇನೆ. ಚೆನ್ನಾಗಿ ಬಾರಿಸುತ್ತೇನೆ ಅಂತಲ್ಲ. ಅಲ್ಲಿ ಒಂದೇ ಪಲ್ಲವಿಯನ್ನು ಎಷ್ಟು ಸಲ ಹೇಳುತ್ತೇವೋ ಲೆಕ್ಕ ಇಟ್ಟವರಿಲ್ಲ, ಒಬ್ಬರೂ ಬೇಸರ ಅನ್ನುವುದಿಲ್ಲ. ಯಾಕೆ ಅಂತ ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ.

ಕೊನೆಗೆ ಒಂದು ಎಚ್ಚರಿಕೆ. ಬೇಜಾರು ಬೇರೆ, ಕೆಲಸದ ಜಾಗವೇ ಕೆಟ್ಟಿರುವುದು ಬೇರೆ. ಮೂರು ಜನರ ಕೆಲಸ ಒಬ್ಬರ ಮೇಲೆ ಬಿದ್ದಿದೆ, ರಜೆ ಕೇಳಿದರೆ ಮುಖ ತಿರುಗಿಸುತ್ತಾರೆ, ತಪ್ಪಾದರೆ ಎಲ್ಲರೆದುರು ಬೈಯುತ್ತಾರೆ ಅಂದರೆ ಮೇಲೆ ಹೇಳಿದ ಯಾವುದೂ ನಡೆಯುವುದಿಲ್ಲ. ನಾನು ಹಿಂದೆ ಇದ್ದ ಒಂದು ಕಡೆ ಹಾಗೇ ಇತ್ತು. ಹನ್ನೆರಡಕ್ಕೆ ಟ್ಯಾಲಿ ಮಾಡಿದೆ, ಬಾಯಿಬಿಟ್ಟು ಎಣಿಸಿದೆ, ಆದರೂ ಭಾನುವಾರ ಸಂಜೆ ಆದರೆ ಹೊಟ್ಟೆ ಕಿವುಚುತ್ತಿತ್ತು. ವರ್ಗಾವಣೆಗೆ ಅರ್ಜಿ ಹಾಕಿದೆ, ಎಂಟು ತಿಂಗಳು ಕಾದೆ, ಬಂದೆ. ಹೊಸ ಶಾಖೆಯಲ್ಲೂ ಅದೇ ಚೀಟಿ, ಅದೇ ನೋಟು, ಅದೇ ಪ್ರಶ್ನೆ. ಆದರೆ ಭಾನುವಾರ ಸಂಜೆ ಈಗ ಹೊಟ್ಟೆ ಸರಿ ಇರುತ್ತದೆ, ಮಿರ್ಚಿ ತಿನ್ನದಿದ್ದರೆ.