ಟ್ಯೂನ್ ಇದೆ, ಸಾಲು ಬರ್ತಿಲ್ಲ ಅನ್ನುವವರಿಗೆ

ಸ್ವಂತ ಹಾಡು ಬರೆಯುವವರಿಗೆ ಒಂದು ಸಲಹೆ. ಟ್ಯೂನ್ ಹೊಳೆದಾಗ ಒಳ್ಳೆಯ ಸಾಲಿಗಾಗಿ ಕಾಯುತ್ತಾ ಕೂರಬೇಡಿ. ಬಾಯಿಗೆ ಬಂದ ಪದ ಹಾಕಿ ಹಾಡಿ, ತಕ್ಷಣ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ‘ಯೆಸ್ಟರ್‌ಡೇ’ ಹಾಡಿಗೆ ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿಯೂ ಹೀಗೇ ಬಾಯಿಗೆ ಬಂದ ಪದ ಹಾಕಿಕೊಂಡಿದ್ದರು. ಟ್ಯೂನ್ ಅವರಿಗೆ ನಿದ್ದೆಯಿಂದ ಏಳುವಾಗ ಹೊಳೆದಿತ್ತು. ‘ಸ್ಕ್ರ್ಯಾಂಬಲ್ಡ್ ಎಗ್ಸ್’ ಅಂತ, ನಮ್ಮ ಎಗ್ ಬುರ್ಜಿ ಥರದ ತಿಂಡಿಯ ಹೆಸರನ್ನೇ ಹಾಕಿಕೊಂಡು ಬಹಳ ಕಾಲ ಹಾಡುತ್ತಿದ್ದರು. ನಿಜವಾದ ಸಾಲುಗಳು ಆಮೇಲೆ ಬಂದವು. 1965ರಲ್ಲಿ ಹಾಡು ರೆಕಾರ್ಡ್ ಆಯಿತು.

ಕನ್ನಡದಲ್ಲಿ ಬರೆಯುವಾಗ ಹ್ರಸ್ವ, ದೀರ್ಘಗಳ ಕಡೆ ಜಾಸ್ತಿ ಗಮನ ಬೇಕು. ಟ್ಯೂನ್ ಎಳೆಯುವ ಕಡೆ ದೀರ್ಘ ಅಕ್ಷರವೇ ಬರಲಿ. ‘ಬಳೆ’ಯ ಮೊದಲ ಅಕ್ಷರ ಎಳೆದರೆ ಕೇಳುವವರ ಕಿವಿಗೆ ‘ಬಾಳೆ’ ಬೀಳುತ್ತದೆ, ಅಲ್ವಾ? ಅದಕ್ಕೇ ಬಾಯಿಗೆ ಬಂದ ಪದಗಳ ಆ ಡಮ್ಮಿ ಸಾಲನ್ನು ಬರೆದು, ಮೇಲೆ ಲಘು-ಗುರು ಗುರುತು ಹಾಕಿಕೊಳ್ಳಿ. ಶಾಲೆಯಲ್ಲಿ ಕಲಿತ ಪ್ರಸ್ತಾರ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆಮೇಲೆ ಆ ಅಳತೆಗೆ ಹೊಂದುವ ಪದ ಹುಡುಕಿ.

ಪ್ರಾಸಕ್ಕಾಗಿ ಸುಮ್ನೆ ಅರ್ಥ ಕೆಡಿಸಬೇಡಿ. ಪ್ರಾಸ ಸಾಲಿನ ಕೊನೆಗೇ ಬರಬೇಕು ಅಂತೇನೂ ಇಲ್ಲ. ನಮ್ಮ ಹಳೆಯ ಕವಿಗಳು ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇಡುತ್ತಿದ್ದರು. ಇವತ್ತಿನ ಹಾಡಿಗೂ ಅದು ಚೆನ್ನಾಗಿ ಕೂರುತ್ತದೆ, ನನಗಂತೂ ತುಂಬಾ ಇಷ್ಟ.

ಪಲ್ಲವಿ ಮುಗಿದ ಮೇಲೆ ಗಿಟಾರ್ ಪಕ್ಕಕ್ಕಿಟ್ಟು, ಬರೀ ದನಿಯಲ್ಲಿ ಯಾರಿಗಾದರೂ ಹಾಡಿ ಕೇಳಿಸಿ. ಯಾವ ಪದ ಸರಿಯಾಗಿ ಕೇಳಿಸಲಿಲ್ಲ ಅಂತ ವಿಚಾರಿಸಿ. ತಿದ್ದುವುದನ್ನು ಅಲ್ಲಿಂದಲೇ ಶುರು ಮಾಡಿ.