ನಾಲ್ಕನೇ ಡಬ್ಬಿ ಸೋರಲಿಲ್ಲ

ಹಿತ್ತಲಿನ ತಾವರೆ ಕೊಳಕ್ಕೆ ಇಳಿಬಿಟ್ಟ ಕ್ಯಾಮೆರಾ ಎಪ್ಪತ್ತು ಚಿಲ್ಲರೆ ದಿನದಿಂದ ನೀರಲ್ಲೇ ಇದೆ. ಒಳಗೆ ಒಂದು ಹನಿ ಇಲ್ಲ. "ನೀರಿಗೂ ಕರೆಂಟಿಗೂ ಮದುವೆ ಮಾಡ್ಸಕ್ಕೆ ಹೊರಟಿದೀಯಲ್ಲ ಮಾರಾಯ" ಅಂತ ನಗ್ತಿದ್ದ ಭಾವ ಈಗ ಮನೆಗೆ ಬಂದರೆ, ಚಪ್ಪಲಿ ಬಿಡೋಕೂ ಮೊದಲು ಫೋನಲ್ಲಿ ಮೀನು ತೋರಿಸು ಅಂತಾನೆ. ಅದಕ್ಕೇ ಬರೀತಿದೀನಿ.

ನಮ್ಮದು ಸಾಗರದ ಹತ್ತಿರ. ಕೊಳ ಎಂಟಡಿಗೆ ಐದಡಿ, ಆಳ ಎರಡೂವರೆ ಅಡಿ ಇರಬಹುದು. ಗಪ್ಪಿ ಮೀನಿನ ಮರಿಗಳು ಹುಟ್ಟಿದಷ್ಟೇ ವೇಗದಲ್ಲಿ ಮಾಯ ಆಗ್ತಿದ್ದವು. ಎಲ್ಲರೂ ಮಿಂಚುಳ್ಳಿ ಮೇಲೆ ಆರೋಪ ಹೊರಿಸಿದರು. ನನಗೆ ನಂಬಿಕೆ ಬರಲಿಲ್ಲ, ಕಳ್ಳನನ್ನು ಹಿಡಿಯೋಕೆ ನೀರೊಳಗೇ ಕ್ಯಾಮೆರಾ ಇಡೋಕೆ ಹೊರಟೆ.

ಮೊದಲನೇದು ಇಎಸ್‌ಪಿ32 ಕ್ಯಾಮ್ ಅನ್ನೋ ವೈಫೈ ಕ್ಯಾಮೆರಾ ಬೋರ್ಡು, ಉಪ್ಪಿನಕಾಯಿ ಬಾಟ್ಲಿಯಲ್ಲಿ. ವೈಫೈ ನೀರೊಳಗೆ ಹೋಗಲ್ಲ ಅಂತ ಗೊತ್ತಿದ್ದೂ ಮಾಡಿದೆ. ಬಾಟ್ಲಿ ಪೂರ್ತಿ ಮುಳುಗಿದ್ದೇ ತಡ, ಚಿತ್ರ ನಿಂತಿತು. ಆರುನೂರು ರೂಪಾಯಿ. ಆವತ್ತೇ ತೀರ್ಮಾನ ಮಾಡಿದೆ: ನೀರಿಗೆ ಕಣ್ಣು ಮಾತ್ರ, ಮೆದುಳು ದಡದಲ್ಲಿ. ಹಳೇ ಯುಎಸ್‌ಬಿ ವೆಬ್‌ಕ್ಯಾಮ್ ಬಿಚ್ಚಿ ಬೋರ್ಡ್ ಮಾತ್ರ ಪೈಪಿಗೆ, ಪೈ ಝೀರೋ ಅನ್ನೋ ಪುಟ್ಟ ಕಂಪ್ಯೂಟರ್ ದಡದ ಜಂಕ್ಷನ್ ಬಾಕ್ಸಿಗೆ. ಅಲ್ಲಿಗೆ ಹೋಗೋದು 12 ವೋಲ್ಟ್ ಮಾತ್ರ. 230 ವೋಲ್ಟಿನ ಮನೆ ಕರೆಂಟು ಕೊಳದ ಹತ್ತಿರ ಸುಳಿಯಬಾರದು, ಇದರಲ್ಲಿ ರಾಜಿ ಇಲ್ಲ.

ಎರಡನೇ ಡಬ್ಬಿ ನಾಲ್ಕಿಂಚು ಪೈಪು, ಒಂದಡಿ ಉದ್ದ. ತೆಂಗಿನಕಾಯಿ ಹಾಗೆ ತೇಲಿತು! ಮೂರು ಲೀಟರಿಗೆ ಸ್ವಲ್ಪ ಕಮ್ಮಿ ಗಾಳಿ ಒಳಗಿತ್ತಲ್ಲ, ಅಮ್ಮನ ಹಳೇ ಗುಂಡುಕಲ್ಲು ಕಟ್ಟಿದ ಮೇಲೆ ಮುಳುಗಿತು. ಕ್ಯಾಮೆರಾ ಮುಂದಿನ ಪಾರದರ್ಶಕ ಅಕ್ರಿಲಿಕ್ ಬಿಲ್ಲೆಯನ್ನು ಪಿವಿಸಿ ಸಾಲ್ವೆಂಟಿನಲ್ಲೇ ಅಂಟಿಸಿದ್ದೆ. ಬೆಳಗಾಗುವಷ್ಟರಲ್ಲಿ ಬಿಲ್ಲೆ ತುಂಬ ಜೇಡರಬಲೆ ತರ ಸೀಳು. ಒಳಗಿನ ಜೋಡಣೆಗೆ ಬಳಿದ ಹುಳಿ ವಾಸನೆಯ ಸಿಲಿಕೋನ್ ತಾಮ್ರಕ್ಕೆಲ್ಲ ಹಸಿರು ಕಿಲುಬು ಹತ್ತಿಸಿತ್ತು.

ಮೂರನೇದರಲ್ಲೇ ನಿಜವಾದ ಪಾಠ. ಮುಕ್ಕಾಲು ಅಡಿ ಉದ್ದದ 75 ಎಂಎಂ ಪೈಪು, ಎಪಾಕ್ಸಿ ಅಂಟು, ಥ್ರೆಡ್ ಕ್ಯಾಪು, ಕೇಬಲ್ ಒಳಹೋಗೋ ತೂತನ್ನು ಬಿಗಿಯೋ ಗ್ಲಾಂಡು, ಎಲ್ಲ ಸರಿ. ಬಕೆಟ್ಟಲ್ಲಿ ಒಂದು ರಾತ್ರಿ ಮುಳುಗಿಸಿಟ್ಟರೂ ಸೋರಲಿಲ್ಲ. ಕೊಳಕ್ಕೆ ಬಿಟ್ಟ ಮಾರನೇ ದಿನ ಎರಡು ಚಮಚ ನೀರು. ಮೂರು ಸಲ ಹೀಗೇ ಆಯಿತು. ಆಮೇಲೆ ಹೊಳೆಯಿತು: ಮುಚ್ಚಿದ್ದು ಬೇಸಿಗೆ ಮಧ್ಯಾಹ್ನದ ಬಿಸಿಲಲ್ಲಿ, ಬಿಟ್ಟದ್ದು ತಣ್ಣನೆ ನೀರಿಗೆ. ಒಳಗಿನ ಗಾಳಿ ಹದಿನೈದು ಡಿಗ್ರಿ ತಣಿದರೆ ಒತ್ತಡ ಶೇ. 5ರಷ್ಟು ಇಳಿಯುತ್ತೆ. ಡಬ್ಬಿಯನ್ನು ಇನ್ನೂ ಒಂದೂವರೆ ಅಡಿ ಆಳಕ್ಕೆ ಇಳಿಸಿದ ಲೆಕ್ಕ ಅದು. ಡಬ್ಬಿ ಸೋರ್ತಿರಲಿಲ್ಲ, ಹೀರ್ತಿತ್ತು! ಅದೂ ಗ್ಲಾಂಡಿನಿಂದಲ್ಲ. ಕೇಬಲ್ ಸಿಪ್ಪೆಯಲ್ಲಿ ಒಂದು ಕಡೆ ಇಲಿ ಹಲ್ಲಿನ ಗುರುತಿತ್ತು. ಅಲ್ಲಿ ಹೊಕ್ಕ ನೀರು ಎಳೆಗಳ ಸಂದಿನಲ್ಲೇ ಹರಿದು ಬೋರ್ಡಿನ ಮೇಲೆ ತೊಟ್ಟಿಕ್ಕಿದೆ.

ನಾಲ್ಕನೇ ಡಬ್ಬಿಗೆ ಹೊಸ ಕೇಬಲ್. ಗ್ಲಾಂಡಿನ ಒಳಗೆ ಒಂದಿಂಚು ಸಿಪ್ಪೆ ಸುಲಿದು, ನಾಲ್ಕೂ ಎಳೆ ಬಿಡಿಸಿ, ಸುತ್ತ ಎಪಾಕ್ಸಿ ತುಂಬಿದೆ. ಮುಚ್ಚಿದ್ದು ಪೇಟೆಯಲ್ಲಿ, ಸ್ನೇಹಿತನ ಮೆಡಿಕಲ್ ಶಾಪಿನ ಎಸಿ ಕೋಣೆಯಲ್ಲಿ. ತಂಪು, ಒಣ ಗಾಳಿ. ಜೊತೆಗೆ ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡಿದ ಒಂದು ಹಿಡಿ ಸಿಲಿಕಾ ಜೆಲ್, ತೇವ ಹೀರಿದರೆ ಬಣ್ಣ ಬದಲಾಯಿಸೋ ಹರಳು. ಬಿಲ್ಲೆಗೆ ಮಂಜು ಹಿಡಿಯೋದೂ ನಿಂತಿತು. ಕ್ಯಾಪಿನ ರಬ್ಬರ್ ರಿಂಗಿಗೆ ಏನು ಸವರಿದೆ ಅಂತ ಮಾತ್ರ ಕೇಳಬೇಡಿ, ಅದನ್ನು ಕಂಡುಕೊಳ್ಳೋಕೆ ನನಗೆ ಎರಡು ತಿಂಗಳು ಹಿಡಿದಿದೆ.

ಫೋಕಸ್ಸನ್ನು ಮೇಜಿನ ಮೇಲೆ ಕೂಡಿಸಬೇಡಿ. ನೀರಲ್ಲಿ ಎಲ್ಲ ಕಾಲುಭಾಗ ಹತ್ತಿರ ಕಾಣುತ್ತೆ. ನಾನು ಬಕೆಟ್ಟಲ್ಲಿ ಒಂದು ಐದು ರೂಪಾಯಿ ನಾಣ್ಯ ಮುಳುಗಿಸಿಟ್ಟು, ಅದರ ಅಂಕಿ ಓದೋಕೆ ಬರೋವರೆಗೂ ಲೆನ್ಸ್ ತಿರುಗಿಸಿದೆ. ರಾತ್ರಿ ದೀಪ ಲೆನ್ಸಿನ ಪಕ್ಕದಲ್ಲಿಟ್ಟರೆ ತೇಲೋ ಕಸವೆಲ್ಲ ಹಿಮದ ಹಾಗೆ ಹೊಳೆಯುತ್ತೆ. ಎರಡಡಿ ಆಚೆ, ಓರೆಯಾಗಿಡಿ.

ಬಿಲ್ಲೆ ಮೇಲಿನ ಪಾಚಿಗೆ ಬಸವನಹುಳು ಬಿಟ್ಟು ನೋಡಿದೆ. ಅದು ಲೆನ್ಸಿನ ಮುಂದೆಯೇ ಬಂದು ಒಂದು ಹಗಲು ಮಲಗಿತು. ಈಗ ನಾಲ್ಕು ದಿನಕ್ಕೊಮ್ಮೆ ಕೋಲಿಗೆ ಕಟ್ಟಿದ ಹಳೇ ಬ್ರಶ್ಶೇ ಗತಿ. ಕಂಪನ ಹಿಡಿಯೋ ಹತ್ತು ರೂಪಾಯಿಯ ಪೀಝೋ ಬಿಲ್ಲೆಗೆ ಎಪಾಕ್ಸಿ ಬಳಿದು ಮೈಕ್ ಮಾಡಿದ್ದೂ ಆಯಿತು. ಮಳೆ ನೀರೊಳಗಿಂದ ಎಣ್ಣೆಗೆ ಹಪ್ಪಳ ಬಿಟ್ಟ ಹಾಗೆ ಕೇಳಿಸುತ್ತೆ.

ಖರ್ಚು? ಪೈ ಸೇರಿ ನಾಲ್ಕನೇದಕ್ಕೆ ಸುಮಾರು ಮೂರು ಸಾವಿರದ ಇನ್ನೂರು. ಅದಕ್ಕೆ ಮುಂಚೆ ನೀರುಪಾಲಾದದ್ದು ನಾಲ್ಕು ಸಾವಿರದ ಮೇಲೆ, ಮನೆಯಲ್ಲಿ ಎರಡು ಅಂತ ಹೇಳಿದೀನಿ. ಜಂಕ್ಷನ್ ಬಾಕ್ಸಲ್ಲಿ ಇರುವೆ ಮೊಟ್ಟೆ ಇಟ್ಟು ಒಂದು ಪೈ ಹೋಯಿತು. ಬೋರ್ಡ್ ಮೇಲೆ ಅಕ್ಕಿನುಚ್ಚು ಹರಡಿದ ಹಾಗಿತ್ತು.

ಮರಿಗಳ್ಳ ಮಿಂಚುಳ್ಳಿ ಅಲ್ಲ. ಮೂರನೇ ವಾರ ಸಿಕ್ಕಿಬಿದ್ದದ್ದು ಏರೋಪ್ಲೇನ್ ಚಿಟ್ಟೆಯ ಮರಿಹುಳ. ತಾವರೆ ದಂಟಿಗೆ ಅಂಟಿ ಕೂತಿತ್ತು, ಕೆಳತುಟಿ ಕೊಕ್ಕೆ ಹಾಗೆ ಚಾಚಿತು, ಮರಿ ಇಲ್ಲ. ನಿಧಾನಗತಿಯಲ್ಲಿ ನೋಡಿದರೂ ನಡುವಿನ ಫ್ರೇಮ್ ಸಿಗಲಿಲ್ಲ. ಭಾವನಿಗೆ ಆರು ಸಲ ಹಾಕಿ ತೋರಿಸಿದೆ.

ಇನ್ನು ಮಳೆಗಾಲ. ಗುಡುಗು ಶುರುವಾದ ಕೂಡಲೇ 12 ವೋಲ್ಟ್ ಪ್ಲಗ್ ಕಿತ್ತಿಡೋದು. ನೀರು ಕೆಂಪಾದ ಮೇಲೆ ಹೇಗೂ ಏನೂ ಕಾಣಲ್ಲ. ಡಬ್ಬಿ ಮಾತ್ರ ಅಲ್ಲೇ ಇರಲಿ, ದೀಪಾವಳಿಗೆ ತೆಗೆದು ಜೆಲ್ಲಿನ ಬಣ್ಣ ನೋಡ್ತೀನಿ.